ಆ ಚೆಕ್ಕಿಗೆ ಟೇಪ್ ಹಚ್ಚಬೇಡ

ಪ್ರೀತಿಯ ಸಿರಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೊದಲನೇ ಕೆಲಸದ ಚೆಕ್ಕು ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್ನಿಗೆ ಹೋಯಿತು ಅಂದರೆ ಯಾರಿಗಾದರೂ ಅಳು ಬರುತ್ತದೆ. ಆದರೆ ಮೊದಲು ಇದನ್ನು ತಿಳಿದುಕೋ. ನಿನ್ನ ಹಣ ಎಲ್ಲಿಗೂ ಹೋಗಿಲ್ಲ. ಅದು ಕೊಟ್ಟವರ ಖಾತೆಯಲ್ಲೇ ಇದೆ. 'ಇವರಿಗೆ ಇಷ್ಟು ಕೊಡಿ' ಅಂತ ಅವರು ತಮ್ಮ ಬ್ಯಾಂಕಿಗೆ ಬರೆದ ಚೀಟಿ ಈ ಚೆಕ್ಕು. ಚೀಟಿ ಹಾಳಾದರೆ ಇನ್ನೊಂದು ಬರೆಸಿಕೊಳ್ಳಬಹುದು.

ನನಗೆ ಗಾಬರಿಯಾಗಿದ್ದು ನೀನು ಕೊನೆಗೆ ಆಡಿದ ಮಾತಿಗೆ. 'ಟೇಪ್ ಹಚ್ಚಿ, ಮಾಸಿದ ಕಡೆ ಪೆನ್ನಾಡಿಸಿ, ಡ್ರಾಪ್ ಬಾಕ್ಸಿಗೆ ಹಾಕಿಬಿಡ್ತೀನಿ ದೊಡ್ಡಮ್ಮ' ಅಂದೆಯಲ್ಲ, ಆ ಮೂರರಲ್ಲಿ ಒಂದನ್ನೂ ಮಾಡಬೇಡ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಹೊಸದಾಗಿ ಕೂತಿದ್ದಾಗ ಒಬ್ಬ ಹೆಂಗಸು ಚೆಕ್ ತಂದಿದ್ದರು. ನೀರು ಬಿದ್ದು ಮೊತ್ತದ ಕೊನೆಯ ಸೊನ್ನೆ ಕದಡಿಹೋಗಿತ್ತು. ಅದನ್ನು ಅವರೇ ಜೋಪಾನವಾಗಿ ತಿದ್ದಿದ್ದರು. ಬೇರೆಲ್ಲಾ ಅಕ್ಷರ ಕಪ್ಪು, ಆ ಒಂದು ಸೊನ್ನೆ ನೀಲಿ. ಮೊತ್ತ ಸರಿಯಾಗಿಯೇ ಇತ್ತು, ಅವರ ಮನಸ್ಸಿನಲ್ಲಿ ಕಪಟವೂ ಇರಲಿಲ್ಲ. ನಾನೂ ಏನೂ ಹೇಳದೆ ತೆಗೆದುಕೊಂಡು ಕಳಿಸಿಬಿಟ್ಟೆ. ಚೆಕ್ ವಾಪಸ್ ಬಂತು. ತಿದ್ದಿದವರು ಯಾರು, ಯಾಕೆ ತಿದ್ದಿದರು ಅಂತ ಕಾಗದ ಹೇಳೋದಿಲ್ಲ ನೋಡು. ಮೊತ್ತ ತಿದ್ದಿದ ಹಾಗೆ ಕಂಡರೆ ಬ್ಯಾಂಕು ಅನುಮಾನಿಸಲೇಬೇಕು. ಆ ವಾಪಸಾತಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಡಿಸಿ, ಮತ್ತೆ ಮಡಿಸುತ್ತಾ ಅವರು ಬೆಂಚಿನ ಮೇಲೆ ಕೂತಿದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಅವತ್ತೇ ನಾನು ಎರಡು ಮಾತು ಹೇಳಿದ್ದರೆ ಅವರಿಗೆ ಆ ಅಲೆದಾಟ ತಪ್ಪುತ್ತಿತ್ತು. ಅದಕ್ಕೇ ಈಗ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನು ಟೇಪಿನ ವಿಷಯ. ಚೆಕ್ಕಿನ ಕೆಳತುದಿಯಲ್ಲಿ ಒಂದು ಥರಾ ಮೊಂಡು ಮೊಂಡಾದ ಅಂಕಿಗಳ ಸಾಲು ಇರುತ್ತದೆ, ನೋಡಿದ್ದೀಯಲ್ವಾ? ಅದೇ ಎಂಐಸಿಆರ್ ಸಾಲು. ಚೆಕ್ಕಿನ ನಂಬರು, ಬ್ಯಾಂಕಿನ ಗುರುತು ಎಲ್ಲ ಅದರಲ್ಲೇ ಇರುತ್ತದೆ. ಅದರ ಇಂಕಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ. ಮೆಷಿನ್ನು ಅದಕ್ಕೆ ಕಾಂತಶಕ್ತಿ ತುಂಬಿಸಿ, ಪ್ರತಿ ಅಂಕಿಯ ಆಕಾರದಿಂದ ಬರುವ ಸಿಗ್ನಲ್ ಹಿಡಿದು ಓದುತ್ತದೆ. 1950ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು ಬ್ಯಾಂಕ್ ಆಫ್ ಅಮೆರಿಕಕ್ಕಾಗಿ ಮಾಡಿದ ಕೆಲಸದಿಂದ ಬಂದದ್ದು ಇದು. ಇ-13ಬಿ ಅನ್ನುವ ಆ ಅಕ್ಷರಮಾಲೆಯಲ್ಲಿ ಇರೋದು ಬರೀ 14 ಗುರುತು, 10 ಅಂಕಿ ಮತ್ತು 4 ಚಿಹ್ನೆ. ಆ ಸಾಲಿನ ಮೇಲೆ ಟೇಪ್ ಬಿದ್ದರೆ ಮೆಷಿನ್ನಿನ ಓದುವ ಭಾಗಕ್ಕೂ ಇಂಕಿಗೂ ನಡುವೆ ಅಂತರ ಬರುತ್ತದೆ, ಸಿಗ್ನಲ್ ಮಂಕಾಗುತ್ತದೆ. ಈಗ ಬಹಳ ಕಡೆ ಕಾಗದವೇ ಮುಂದೆ ಹೋಗೋದಿಲ್ಲ, ಅದರ ಸ್ಕ್ಯಾನ್ ಚಿತ್ರ ಹೋಗುತ್ತದೆ. ಟೇಪಿನ ಹೊಳಪು ಆ ಚಿತ್ರವನ್ನೂ ಕೆಡಿಸಬಹುದು.

ಒದ್ದೆ ಇದ್ದರೆ ಎಳೆದು ಬಿಡಿಸಬೇಡ. ಎರಡು ಬಿಳಿ ಹಾಳೆ ನಡುವೆ ಇಟ್ಟು ತಾನಾಗಿ ಒಣಗಲಿ. ಇಸ್ತ್ರಿ ಪೆಟ್ಟಿಗೆಯಂತೂ ಬೇಡವೇ ಬೇಡ, ಅಳಿಸುವ ಜೆಲ್ ಪೆನ್ನಿನ ಇಂಕು ಬಿಸಿ ತಾಗಿದರೆ ಮಾಯವಾಗುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡು. ನಿನ್ನ ಹೆಸರು, ತಾರೀಖು, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ, ಸಹಿ, ಕೆಳಗಿನ ಸಾಲು, ಇವೆಲ್ಲ ತಡವರಿಸದೆ ಓದಲು ಬರುತ್ತಾ? ಖಾಲಿ ಮೂಲೆ ಮಾತ್ರ ಕಿತ್ತಿದ್ದರೆ ಸಾಮಾನ್ಯವಾಗಿ ಜಾಸ್ತಿ ತೊಂದರೆ ಆಗೋದಿಲ್ಲ. ಕೌಂಟರಿಗೆ ಹೋಗಿ, ಹೀಗಾಯ್ತು ಅಂತ ಹೇಳಿ ಕೊಡು. ಡ್ರಾಪ್ ಬಾಕ್ಸಿಗೆ ಬಾಯಿಲ್ಲ, ಅದು ನಿನ್ನ ಪರವಾಗಿ ಮಾತಾಡೋದಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಜಮಾ ಮಾಡುವ ಸೌಕರ್ಯ ಇದ್ದರೂ ಇಂಥ ಚೆಕ್ಕಿಗೆ ಅದು ಬೇಡ.

ಸಹಿಯ ಮೇಲೋ ಮೊತ್ತದ ಮೇಲೋ ಹರಿದಿದ್ದರೆ, ಎರಡು ಚೂರಾಗಿದ್ದರೆ, ಕೌಂಟರಿಗೂ ಹೋಗಬೇಡ. ಬೇಡದ ಚೆಕ್ಕನ್ನು ಜನ ಹರಿದುಹಾಕಿಯೇ ರದ್ದು ಮಾಡೋದು. ಹಾಗಾಗಿ ತುಂಡಾದ ಚೆಕ್ ಕಂಡರೆ ಬರೆದವರೇ ರದ್ದು ಮಾಡಿರಬಹುದು ಅಂತ ಬ್ಯಾಂಕಿನವರಿಗೆ ಅನಿಸುತ್ತದೆ. ಜಮಾ ಮಾಡುವ ಬ್ಯಾಂಕು ತಾನು ಜವಾಬ್ದಾರಿ ಅಂತ ಗ್ಯಾರಂಟಿ ಕೊಟ್ಟು ಕಳಿಸುವ ಪದ್ಧತಿಯೂ ಇದೆ. ಆದರೆ ಹೊಸ ಗ್ರಾಹಕಿಗೆ ಅದನ್ನು ಸುಲಭವಾಗಿ ಕೊಡೋದಿಲ್ಲ. ನನ್ನ ಕೇಳಿದರೆ, ಹೊಸ ಚೆಕ್ ಕೇಳೋದೇ ಸರಿ.

ಕೇಳೋಕೆ ನಾಚಿಕೆ ಅಂದೆ. ಯಾಕಮ್ಮಾ ನಾಚಿಕೆ? ನೀನು ದುಡಿದ ಹಣ ಅದು. 'ಚೆಕ್ ನೀರಿಗೆ ಬಿದ್ದು ಹಾಳಾಯ್ತು, ನಾನಿನ್ನೂ ಜಮಾ ಮಾಡಿಲ್ಲ, ಹಳೆಯದನ್ನು ವಾಪಸ್ ಕೊಡ್ತೀನಿ, ದಯವಿಟ್ಟು ಬೇರೆ ಕೊಡಿ' ಅನ್ನು, ಸಾಕು. ಅವರು ಹಳೆ ಚೆಕ್ಕಿಗೆ ತಡೆ ಹಾಕಿಸಬೇಕಾಗಬಹುದು, ಬ್ಯಾಂಕು ಅದಕ್ಕೆ ಶುಲ್ಕ ಕೇಳಿದರೆ ನೀನೇ ಕೊಡ್ತೀನಿ ಅನ್ನು. ಹಾಳಾಗಿದ್ದು ನಿನ್ನ ಕೈಯಲ್ಲಿ, ಅಷ್ಟು ಹೇಳೋದು ನ್ಯಾಯ. ಅಲ್ಲಿಯ ತನಕ ಒಂದು ಚೂರನ್ನೂ ಬಿಸಾಡಬೇಡ. ಎಲ್ಲಾ ಒಂದು ಲಕೋಟೆಯಲ್ಲಿಡು, ಎರಡೂ ಬದಿಯ ಫೋಟೋ ತೆಗೆದುಕೋ. ಹೊಸದು ಬಂದ ಮೇಲೆ ಹಳೆಯದನ್ನು ಮರೆತೂ ಜಮಾ ಮಾಡಬೇಡ.

ಒಂದು ಮರೆತಿದ್ದೆ. ಚೆಕ್ಕಿಗೆ ಆಯುಸ್ಸು ಇದೆ. ಕೆಲವು ದೇಶಗಳಲ್ಲಿ 3 ತಿಂಗಳು, ಕೆಲವು ಕಡೆ 6 ತಿಂಗಳು. ಆಮೇಲೆ ನೋಡೋಣ ಅಂತ ಡ್ರಾಯರಿನಲ್ಲಿ ಇಟ್ಟುಬಿಡಬೇಡ.

ನಾಳೆ ಬೆಳಿಗ್ಗೆ ಮೊದಲು ಅವರಿಗೆ ಫೋನ್ ಮಾಡು, ಆಮೇಲೆ ನನಗೆ. ನಾನು ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ