ರೇಡಿಯೊ ಡಿಜಿಟಲ್ ಆಗಲಿ, ಬೀಗ ಎಲ್ಲ ಚಾನೆಲ್‌ಗೂ ಬೇಡ

ಸಂಪಾದಕರಿಗೆ,

ಮಾನ್ಯರೇ,

ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆಗಳು ಹಳೆಯ ಅನಲಾಗ್ ರೇಡಿಯೊ ಬಿಟ್ಟು ಡಿಜಿಟಲ್ ವ್ಯವಸ್ಥೆಗೆ ಬದಲಾಗುತ್ತಿವೆ ಎಂಬ ಸುದ್ದಿ ಬಂದಾಗಲೆಲ್ಲ, ಇನ್ನು ಹೊರಗಿನವರು ಈ ಸಂಭಾಷಣೆಯನ್ನು ಕೇಳಲಾಗದು ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಡಿಜಿಟಲ್ ಆದದ್ದರಿಂದಲೇ ಕೇಳಲು ಆಗುವುದಿಲ್ಲ ಎಂದು ಓದುಗರು ತಿಳಿದುಕೊಳ್ಳುತ್ತಾರೆ. ಅದು ಸರಿಯಲ್ಲ. ಡಿಜಿಟಲ್ ಆಗುವುದು ಒಂದು ತೀರ್ಮಾನ. ಮಾತಿಗೆ ಎನ್‌ಕ್ರಿಪ್ಷನ್ ಹಾಕಿ ಬೀಗ ಜಡಿಯುವುದು ಬೇರೆಯೇ ತೀರ್ಮಾನ. ಮೊದಲನೆಯದನ್ನು ವಿರೋಧಿಸಲು ಸ್ಕ್ಯಾನರ್ ಹವ್ಯಾಸಿಗಳಾದ ನಮಗೆ ಯಾವ ಕಾರಣವೂ ಇಲ್ಲ. ಎರಡನೆಯದು ಚರ್ಚೆಯೇ ಇಲ್ಲದೆ ಮೊದಲನೆಯದರ ಬೆನ್ನಿಗೆ ಬಂದುಬಿಡುತ್ತಿರುವುದು ನಮ್ಮ ಆಕ್ಷೇಪ.

ಸ್ಕ್ಯಾನರ್ ಎಂದರೆ ಇಂಥ ರೇಡಿಯೊ ಸಂಭಾಷಣೆಯನ್ನು ಕೇಳುವ ಯಂತ್ರವಷ್ಟೇ. ಅದರಿಂದ ಯಾರ ಮಾತಿಗೂ ಅಡ್ಡಿಪಡಿಸಲಾಗದು. 1928ರಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೊ ಮೂಲಕ ಸಂದೇಶ ಕಳಿಸತೊಡಗಿದ ಕಾಲದಿಂದಲೂ ಇಂಥ ಪ್ರಸಾರ ಸಾರ್ವಜನಿಕರ ಕಿವಿಗೆ ನಿಲುಕುತ್ತಲೇ ಬಂದಿದೆ. ಕಾನೂನು ಎಲ್ಲೆಡೆ ಒಂದೇ ರೀತಿ ಇಲ್ಲ ಎಂಬುದೂ ನಿಜ. ಅಮೆರಿಕದ 1986ರ ಕೇಂದ್ರ ಕಾಯ್ದೆಯು ಸಾರ್ವಜನಿಕರಿಗೆ ಸುಲಭವಾಗಿ ಸಿಗುವ ಪೊಲೀಸ್ ಮತ್ತು ಅಗ್ನಿಶಾಮಕ ಸಂಭಾಷಣೆಯನ್ನು ಕೇಳಲು ಅವಕಾಶ ಕೊಡುತ್ತದೆ. ಬ್ರಿಟನ್ನಿನ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ತಮಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಕೇಳುವುದನ್ನೇ ಅಪರಾಧವೆನ್ನುತ್ತದೆ. ಕೇಳುವುದು ಕಾನೂನುಬದ್ಧವಾಗಿರುವ ಕಡೆ ತಂತ್ರಜ್ಞಾನದ ಹೆಸರಿನಲ್ಲಿ ಆ ಅವಕಾಶ ಇಲ್ಲವಾಗುತ್ತಿರುವ ಬಗ್ಗೆ ನಾನು ಬರೆಯುತ್ತಿದ್ದೇನೆ.

ಈ ಹವ್ಯಾಸ ಪ್ರತಿಯೊಂದು ಬದಲಾವಣೆಯ ಜೊತೆಗೂ ಹೆಜ್ಜೆ ಹಾಕಿದೆ. ಒಂದು ಇಲಾಖೆಗೆ ಒಂದು ಫ್ರೀಕ್ವೆನ್ಸಿ ಎಂಬ ಕಾಲ ಹೋಗಿ ಟ್ರಂಕಿಂಗ್ ಬಂದಾಗ, ಕಂಪ್ಯೂಟರೊಂದು ಕ್ಷಣಕ್ಷಣಕ್ಕೂ ಖಾಲಿ ಚಾನೆಲ್ ಹುಡುಕಿ ಒಂದೊಂದು ಟಾಕ್‌ಗ್ರೂಪ್‌ಗೆ, ಅಂದರೆ ತಮ್ಮೊಳಗೆ ಮಾತಾಡುವ ಒಂದೊಂದು ತಂಡಕ್ಕೆ, ಹಂಚತೊಡಗಿತು. ನಾವು ಆ ಹಂಚಿಕೆಯನ್ನು ಸಾರುವ ಕಂಟ್ರೋಲ್ ಚಾನೆಲ್ ಓದಿ ಹಿಂಬಾಲಿಸುವುದನ್ನು ಕಲಿತೆವು. 1989ರಲ್ಲಿ ಆರಂಭವಾದ ಪ್ರಾಜೆಕ್ಟ್ 25 ಯೋಜನೆಯಿಂದ ಹುಟ್ಟಿದ ಡಿಜಿಟಲ್ ಮಾನದಂಡ ಉತ್ತರ ಅಮೆರಿಕದ ತುಂಬ ಹರಡಿದಾಗ ಡಿಜಿಟಲ್ ಸ್ಕ್ಯಾನರ್‌ಗಳು ಬಂದವು. ಅದರ ಎರಡನೇ ಹಂತದಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಸಂಭಾಷಣೆಗಳು ಸರದಿಯಂತೆ ಸಾಗುತ್ತವೆ. ಅದಕ್ಕೂ ರಿಸೀವರ್‌ಗಳು ಬಂದವು. 2012ರ ಸುಮಾರಿಗೆ ಟಿ.ವಿ. ನೋಡಲೆಂದು ಮಾಡಿದ ಪುಟ್ಟ ಯುಎಸ್‌ಬಿ ಡಾಂಗಲ್‌ಗಳನ್ನೇ ರೇಡಿಯೊ ರಿಸೀವರ್ ಆಗಿ ಬಳಸಬಹುದೆಂದು ತಿಳಿದ ಮೇಲಂತೂ ಹೊಸಬರು ಬಹಳ ಮಂದಿ ಸೇರಿಕೊಂಡರು.

ಕಷ್ಟಗಳಿರಲಿಲ್ಲ ಎಂದಲ್ಲ. ಸೈಮಲ್‌ಕಾಸ್ಟ್ ವ್ಯವಸ್ಥೆಯಲ್ಲಿ ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಹೊತ್ತಿಗೆ ಅದೇ ಮಾತನ್ನು ಬಿತ್ತರಿಸುತ್ತವೆ. ಎರಡು ಗೋಪುರಗಳ ನಡುವೆ ಇರುವ ಸ್ಕ್ಯಾನರ್‌ಗೆ ಅವು ಕೆಲವು ಮೈಕ್ರೊಸೆಕೆಂಡುಗಳ ಅಂತರದಲ್ಲಿ ತಲುಪಿ ಒಂದರ ಮೇಲೊಂದು ಬೀಳುತ್ತವೆ. ಪರದೆಯ ಮೇಲೆ ಸಿಗ್ನಲ್ ಪೂರ್ತಿ ಇರುತ್ತದೆ, ಧ್ವನಿ ಮಾತ್ರ ತುಂಡು ತುಂಡಾಗಿ, ಲೋಹದ ಹಾಗೆ ಕೇಳುತ್ತದೆ. ಆಂಟೆನಾವನ್ನು ಎತ್ತರಿಸಿದರೆ ಸಮಸ್ಯೆ ಇನ್ನೂ ಹೆಚ್ಚುವುದುಂಟು. ಒಂದೇ ಗೋಪುರದತ್ತ ಮುಖ ಮಾಡುವ ಆಂಟೆನಾ ಹಾಕಿದರೆ, ಕೆಲವೊಮ್ಮೆ ಸ್ಕ್ಯಾನರನ್ನು ಕಿಟಕಿಯಿಂದ ಒಂದೆರಡು ಅಡಿ ಒಳಕ್ಕೆ ಸರಿಸಿದರೂ ಸಾಕು, ಅದೇ ಧ್ವನಿ ಸ್ಪಷ್ಟವಾಗುತ್ತದೆ. ಈ ದೋಷಕ್ಕೆಂದೇ ಬೇರೆ ವಿನ್ಯಾಸದ ಸ್ಕ್ಯಾನರ್ 2018ರಲ್ಲಿ ಮಾರುಕಟ್ಟೆಗೆ ಬಂತು. ತಾಳ್ಮೆಯಿದ್ದವರಿಗೆ ಇವೆಲ್ಲ ಬಿಡಿಸಬಹುದಾದ ತೊಡಕುಗಳೇ.

ಎನ್‌ಕ್ರಿಪ್ಷನ್ ಈ ಸಾಲಿಗೆ ಸೇರುವುದಿಲ್ಲ. ಪ್ರಾಜೆಕ್ಟ್ 25ರ ಪ್ರತಿ ಕರೆಯೊಡನೆ, ಆ ಮಾತಿಗೆ ಯಾವ ಬೀಗ ಹಾಕಿದೆ ಎಂದು ತಿಳಿಸುವ ಸಂಕೇತವೊಂದು ಬರುತ್ತದೆ: ಹೆಕ್ಸಾಡೆಸಿಮಲ್ 80 ಎಂದಿದ್ದರೆ ಮಾತು ಮುಕ್ತ, 84 ಎಂದಿದ್ದರೆ ಎಇಎಸ್-256 ಎಂಬ ಎನ್‌ಕ್ರಿಪ್ಷನ್. ಸ್ಕ್ಯಾನರ್ ಅದನ್ನು ಓದಿ ತೆಪ್ಪಗಾಗುತ್ತದೆ. ಯಾರು, ಯಾವ ಟಾಕ್‌ಗ್ರೂಪ್‌ನಲ್ಲಿ, ಎಷ್ಟು ಹೊತ್ತು ಮಾತಾಡಿದರೆಂಬುದು ಕಾಣಿಸಿದರೂ ಏನು ಮಾತಾಡಿದರೆಂಬುದು ತಿಳಿಯದು. ಎಷ್ಟೇ ಒಳ್ಳೆಯ ಉಪಕರಣ ತಂದರೂ 256 ಬಿಟ್‌ಗಳ ಕೀ ಇಲ್ಲದೆ ಅದನ್ನು ತೆರೆಯಲಾಗದು, ತೆರೆಯಲು ಹೊರಡುವುದು ಸರಿಯೂ ಅಲ್ಲ. ಆದರೆ ಈ ಬೀಗವನ್ನು ಒಂದೊಂದು ಟಾಕ್‌ಗ್ರೂಪ್‌ಗೂ ಬೇರೆ ಬೇರೆಯಾಗಿ ಹಾಕಬಹುದು, ಹಾಕದೆಯೂ ಇರಬಹುದು. ಎಲ್ಲವನ್ನೂ ಮುಚ್ಚಿ ಎಂದು ಈ ಡಿಜಿಟಲ್ ಮಾನದಂಡ ಇಲಾಖೆಯನ್ನು ಬಲವಂತ ಮಾಡುವುದಿಲ್ಲ.

ಮುಚ್ಚಬೇಕಾದ ಮಾತುಗಳಿವೆ ಎಂಬುದನ್ನು ಒಪ್ಪುತ್ತೇನೆ. ಒತ್ತೆಯಾಳುಗಳನ್ನು ಬಿಡಿಸಲು ಹೋದ ತಂಡದ ಚಲನೆ, ರಹಸ್ಯ ತನಿಖೆ, ರೋಗಿಯ ಹೆಸರು, ಒಬ್ಬರ ಜನ್ಮದಿನಾಂಕ ಮತ್ತು ಚಾಲನಾ ಪರವಾನಗಿ ಸಂಖ್ಯೆ, ಇವನ್ನು ಅಪರಿಚಿತರು ಕೇಳುವ ಅಗತ್ಯವೇ ಇಲ್ಲ. ಹಿಂದೆ ಸ್ಕ್ಯಾನರ್ ಕೊಂಡು ಪ್ರೋಗ್ರಾಮ್ ಮಾಡುವ ಶ್ರಮಪಟ್ಟವರಿಗಷ್ಟೇ ಕೇಳುತ್ತಿದ್ದ ಮಾತು, ಇಂಟರ್ನೆಟ್ ಪ್ರಸಾರ ಬಂದ ಮೇಲೆ ಪ್ರತಿ ಮೊಬೈಲಿನಲ್ಲೂ ಸಿಗುವಂತಾದದ್ದು ಪೊಲೀಸರ ಆತಂಕವನ್ನು ಹೆಚ್ಚಿಸಿತು. ಅದು ಹುಸಿ ಆತಂಕವಲ್ಲ. ವೈಯಕ್ತಿಕ ವಿವರಗಳನ್ನು ರಕ್ಷಿಸಬೇಕೆಂದು ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಸೂಚಿಸಿದಾಗ ಎರಡು ದಾರಿಗಳನ್ನು ಕೊಟ್ಟಿತ್ತು: ಎನ್‌ಕ್ರಿಪ್ಷನ್ ಬಳಸುವುದು, ಇಲ್ಲವೇ ಅಂಥ ವಿವರಗಳು ಮುಕ್ತ ಚಾನೆಲ್‌ನಲ್ಲಿ ಹೋಗದಂತೆ ನಿಯಮ ಮಾಡಿಕೊಳ್ಳುವುದು. ಅನೇಕ ಇಲಾಖೆಗಳು ಮೊದಲನೆಯದನ್ನೇ ಆರಿಸಿಕೊಂಡವು. ಪಾಲೊ ಆಲ್ಟೊ ನಗರದ ಪೊಲೀಸರು 2021ರ ಜನವರಿಯಲ್ಲಿ ರೇಡಿಯೊ ಮುಚ್ಚಿದರು. 2022ರಲ್ಲಿ ತೀರ್ಮಾನ ಬದಲಿಸಿ ಮತ್ತೆ ತೆರೆದರು, ಖಾಸಗಿ ವಿವರಗಳನ್ನು ಬೇರೆ ಮಾರ್ಗದಲ್ಲಿ ಕಳಿಸುವ ಏರ್ಪಾಡು ಮಾಡಿಕೊಂಡರು. ಎರಡನೆಯ ದಾರಿ ನಡೆಯಬಲ್ಲ ದಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಎಲ್ಲವನ್ನೂ ಮುಚ್ಚಿದಾಗ ಹವ್ಯಾಸಿಯ ಸಂತೋಷ ಹೋಗುವುದು ಸಣ್ಣ ನಷ್ಟ. ಕಾಡ್ಗಿಚ್ಚು ಗುಡ್ಡದ ಆಚೆ ಬದಿಯಿಂದ ಈಚೆಗೆ ದಾಟಿದ್ದು ಅಗ್ನಿಶಾಮಕ ದಳದ ರೇಡಿಯೊದಲ್ಲಿ ಮೊದಲು ಕೇಳುತ್ತದೆ, ಅಧಿಕೃತ ಎಚ್ಚರಿಕೆ ಸಂದೇಶ ಆಮೇಲೆ ಬರುತ್ತದೆ. ನಡುವಿನ ಆ ಹೊತ್ತಿನಲ್ಲಿ ವಯಸ್ಸಾದ ನೆರೆಯವರನ್ನು ಎಬ್ಬಿಸಿ ವಾಹನ ಹತ್ತಿಸಿದ ಕೇಳುಗರು ನಮ್ಮ ನಡುವೆ ಇದ್ದಾರೆ. ಸುದ್ದಿಮನೆಗಳಿಗೂ ಘಟನೆಯ ಮೊದಲ ಸುಳಿವು ಬಹುತೇಕ ಇಲ್ಲಿಂದಲೇ ಸಿಗುತ್ತಿತ್ತು. ರೇಡಿಯೊ ಮುಚ್ಚಿದ ಮೇಲೆ ಇಲಾಖೆ ಹೇಳಿದಾಗ, ಹೇಳಿದಷ್ಟೇ ಸುದ್ದಿ. ಪಕ್ಕದ ಊರಿನಿಂದ ನೆರವಿಗೆ ಬಂದ ದಳದ ಬಳಿ ಸರಿಯಾದ ಕೀ ಇಲ್ಲದಿದ್ದರೆ ಅದೂ ನಮ್ಮಂತೆಯೇ ಹೊರಗೆ ಉಳಿಯುತ್ತದೆ ಎಂಬುದನ್ನು ಯಾಕೋ ಯಾರೂ ಹೆಚ್ಚಾಗಿ ಮಾತಾಡುವುದಿಲ್ಲ.

ಷಿಕಾಗೊದಲ್ಲಿ 2022ರಿಂದ ಮಾಡಿದಂತೆ 30 ನಿಮಿಷ ತಡವಾಗಿ ಪ್ರಸಾರ ಮಾಡುವುದನ್ನು ರಾಜಿಸೂತ್ರ ಎನ್ನಲಾಗುತ್ತಿದೆ. ದಾಖಲೆಗೆ ಅದು ಸರಿಹೋದೀತು. ರಸ್ತೆ ದಾಟುತ್ತಿರುವ ಬೆಂಕಿಯ ಬಗ್ಗೆ ಅರ್ಧ ಗಂಟೆ ಹಳೆಯ ಮಾತು ಯಾರ ಉಪಯೋಗಕ್ಕೂ ಬಾರದು. ಸಂಪೂರ್ಣವಾಗಿ ಎನ್‌ಕ್ರಿಪ್ಟ್ ಮಾಡುವ ಇಲಾಖೆಗಳು ಮಾಧ್ಯಮಗಳಿಗೆ ಪ್ರವೇಶ ಕೊಡುವ ನೀತಿ ರೂಪಿಸಬೇಕೆಂದು ಕೊಲರಾಡೊ ರಾಜ್ಯ 2021ರಲ್ಲಿ ಕಾನೂನು ಮಾಡಿತು. ಅದು ಸ್ವಾಗತಾರ್ಹ, ಆದರೆ ಸಾಮಾನ್ಯ ಕೇಳುಗ ಅದರ ಪರಿಧಿಯಲ್ಲಿಲ್ಲ.

ಮುಂದೆ ಬರುತ್ತಿರುವುದು ಇನ್ನೂ ದೊಡ್ಡ ಬದಲಾವಣೆ. ಅಮೆರಿಕದಲ್ಲಿ 2012ರ ಕಾಯ್ದೆಯಿಂದ ಸ್ಥಾಪನೆಯಾದ ಫಸ್ಟ್‌ನೆಟ್‌ನಂಥ, ತುರ್ತು ಸೇವೆಗಳಿಗೆಂದೇ ಇರುವ ಬ್ರಾಡ್‌ಬ್ಯಾಂಡ್ ಜಾಲದ ಮೇಲೆ ಮಾತೂ ಸಾಗತೊಡಗಿದರೆ ಅದು ಮೊಬೈಲ್ ಕರೆಯಂತೆಯೇ. ಸ್ಕ್ಯಾನರ್‌ಗೆ ಹಿಡಿಯಲು ಅಲ್ಲಿ ಏನೂ ಉಳಿಯುವುದಿಲ್ಲ. ಆಗ ಸಾರ್ವಜನಿಕರು ಕೇಳಬೇಕೆಂದರೆ ಇಲಾಖೆಯೇ ಪ್ರಸಾರ ಮಾಡಬೇಕು, ಆ ಷರತ್ತು ಟೆಂಡರಿನಲ್ಲೇ ಇರಬೇಕು. ವ್ಯವಸ್ಥೆ ಕೊಂಡ ಮೇಲೆ ಕೇಳಲು ಹೋದರೆ, ಬಜೆಟ್ ಮುಗಿದಿದೆ ಎಂಬ ಉತ್ತರವೇ ಸಿಗುವುದು.

ಆದ್ದರಿಂದ ಹೊಸ ರೇಡಿಯೊ ವ್ಯವಸ್ಥೆಯ ಖರೀದಿಯನ್ನು ವರದಿ ಮಾಡುವ ತಮ್ಮ ವರದಿಗಾರರಲ್ಲಿ ಒಂದು ವಿನಂತಿ. ಗೋಪುರಗಳ ಸಂಖ್ಯೆ ಮತ್ತು ಒಟ್ಟು ವೆಚ್ಚದ ಜೊತೆಗೆ, ಯಾವ ಟಾಕ್‌ಗ್ರೂಪ್‌ಗಳಿಗೆ ಎನ್‌ಕ್ರಿಪ್ಷನ್ ಹಾಕಲಾಗುತ್ತದೆ, ಅದನ್ನು ತೀರ್ಮಾನಿಸಿದವರು ಚುನಾಯಿತ ಸಭೆಯೋ ಅಧಿಕಾರಿಗಳೋ, ಅಗ್ನಿಶಾಮಕ ಚಾನೆಲ್‌ಗಳನ್ನು ಮತ್ತು ಸಿಬ್ಬಂದಿಯನ್ನು ಸ್ಥಳಕ್ಕೆ ಕಳಿಸುವ ಸಾಮಾನ್ಯ ಡಿಸ್ಪ್ಯಾಚ್ ಚಾನೆಲ್‌ಗಳನ್ನು ಮುಕ್ತವಾಗಿಡಲು ಇರುವ ಅಡ್ಡಿಯೇನು ಎಂದು ದಯವಿಟ್ಟು ಕೇಳಿ. ಇವುಗಳನ್ನು ತೆರೆದಿಡಲು ಹೊಸ ಉಪಕರಣವೇನೂ ಬೇಕಾಗಿಲ್ಲ, ರೇಡಿಯೊಗಳ ಪ್ರೋಗ್ರಾಮಿಂಗ್‌ನಲ್ಲಿ ಆ ಟಾಕ್‌ಗ್ರೂಪ್‌ಗಳಿಗೆ ಕೀ ಹಾಕದಿದ್ದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸ್ಕ್ಯಾನರ್ ಹವ್ಯಾಸಿ