ನಲವತ್ತು ಬೇಡ, ಮೂರು ಸಾಕು

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಪಟ್ಟಿ ತಲುಪಿತು. ‘ಮತ್ತೆ ಓದಲು ಶುರುಮಾಡುವವರಿಗೆ ನಲವತ್ತು ಕನ್ನಡ ಪುಸ್ತಕಗಳು.’ ತಲೆಬರಹ ಓದುವಾಗಲೇ ನನಗೆ ಆಯಾಸವಾಯಿತು. ಹದಿನೈದು ವರ್ಷ ಪುಸ್ತಕ ಮುಟ್ಟದವರಿಗೆ ನಲವತ್ತು ಹೆಸರು ಕೊಡುವುದೂ ಒಂದೇ, ಜ್ವರ ಬಿಟ್ಟು ಎದ್ದವರಿಗೆ ಮದುವೆ ಊಟ ಬಡಿಸುವುದೂ ಒಂದೇ. ಅವರಿಗೆ ಬೇಕಾದ್ದು ಗಂಜಿ, ಬದಿಗೊಂದು ಉಪ್ಪಿನಕಾಯಿ. ನಿನ್ನ ಪಟ್ಟಿಯ ಮೊದಲ ಹೆಸರು ‘ಮಲೆಗಳಲ್ಲಿ ಮದುಮಗಳು’, ಎರಡನೆಯದು ‘ಪರ್ವ’, ಮೂರನೆಯದು ‘ಕುಸುಮಬಾಲೆ’. ಮೂರೂ ಮಹತ್ವದ ಕೃತಿಗಳು, ತಕರಾರಿಲ್ಲ. ಆದರೆ ಈ ಪಟ್ಟಿ ನೀನು ಎಷ್ಟು ಓದಿದ್ದೀಯ ಎಂದು ಹೇಳುತ್ತದೆ, ನಿನ್ನನ್ನು ಪುಸ್ತಕ ಕೇಳಿದ, ನಿನ್ನ ಗಂಡನ ಮನೆಯ ಅತ್ತಿಗೆಯ ವಿಷಯ ಅದರಲ್ಲಿ ಒಂದಕ್ಷರವೂ ಇಲ್ಲ.

ಮೊದಲು ಲೆಕ್ಕ ನೋಡು. ನಮ್ಮ ಕಾದಂಬರಿಗಳು ಹೆಚ್ಚಾಗಿ ಅಚ್ಚಾಗುವುದು 1/8 ಡೆಮಿ ಎಂಬ ಪುಟದ ಅಳತೆಯಲ್ಲಿ. ರೂಢಿ ತಪ್ಪಿದವರಿಗೆ ಆ ಅಳತೆಯ ಒಂದು ಪುಟಕ್ಕೆ ಎರಡು ನಿಮಿಷ ಬೇಕು ಎಂದಿಟ್ಟುಕೋ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಮಲಗುವ ಮುಂಚೆ ಸಿಗುವುದು ಇಪ್ಪತ್ತು ನಿಮಿಷ. ಅಂದರೆ ದಿನಕ್ಕೆ 10 ಪುಟ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 150 ಪುಟದ ಆಸುಪಾಸಿನದು, ಎರಡು ವಾರದಲ್ಲಿ ಮುಗಿಯುತ್ತದೆ. ‘ಮಲೆಗಳಲ್ಲಿ ಮದುಮಗಳು’ 700ರ ಆಸುಪಾಸು, ಹತ್ತು ವಾರ. ಹತ್ತು ವಾರದೊಳಗೆ ಒಂದು ಹಬ್ಬ, ಒಂದು ಮದುವೆ, ಮಕ್ಕಳ ಒಂದು ಪರೀಕ್ಷೆ ಬಂದೇ ಬರುತ್ತದೆ. ನಡುವೆ ಐದು ದಿನ ತಪ್ಪಿತೋ, ಐತ ಯಾರು, ಪೀಂಚಲು ಯಾರು, ಗುತ್ತಿ ಯಾವ ಕಡೆ ಹೊರಟಿದ್ದ ಎಂಬುದೆಲ್ಲ ಕಲಸಿಹೋಗುತ್ತದೆ. ಹಿಂದಕ್ಕೆ ತಿರುವಿ ಹುಡುಕುವ ಬದಲು ಮುಚ್ಚಿಡುತ್ತಾರೆ. ಆಮೇಲೆ ಬೈಯುವುದು ಪುಸ್ತಕವನ್ನಲ್ಲ, ತಮ್ಮನ್ನೇ: ‘ನನ್ನ ತಲೆಗೆ ಇನ್ನು ಇದೆಲ್ಲ ಹತ್ತುವುದಿಲ್ಲ ಬಿಡು.’ ಒಮ್ಮೆ ಹೀಗಾದ ಮೇಲೆ ಮತ್ತೆ ಪುಸ್ತಕ ಹಿಡಿಸುವುದು ಬಹಳ ಕಷ್ಟ. ಅದಕ್ಕೇ ಮೊದಲನೆಯ ಪುಸ್ತಕ ಮುಗಿಯುವಂಥದ್ದಾಗಿರಬೇಕು. ಅದು ಶ್ರೇಷ್ಠವೋ ಅಲ್ಲವೋ ಎಂಬುದನ್ನು ಆಮೇಲೆ ನೋಡಿಕೊಳ್ಳೋಣ.

ಇನ್ನು ನೀನು ಅತ್ತಿಗೆಯನ್ನು ಕೇಳಬೇಕಾದ ಪ್ರಶ್ನೆ. ‘ನಿಮಗೆ ಎಂಥ ಪುಸ್ತಕ ಇಷ್ಟ?’ ಎಂದು ಕೇಳಬೇಡ. ಹದಿನೈದು ವರ್ಷ ಓದದವರಿಗೆ ಅದು ಗೊತ್ತಿರುವುದಿಲ್ಲ, ಸುಮ್ಮನೆ ದೊಡ್ಡ ಹೆಸರೊಂದನ್ನು ಹೇಳಿ ಪಾರಾಗುತ್ತಾರೆ. ‘ಕೊನೆಗೆ ಪೂರ್ತಿ ಓದಿದ್ದು ಯಾವುದು, ಆಮೇಲೆ ಯಾಕೆ ನಿಂತಿತು?’ ಎಂದು ಕೇಳು. ಓದು ತುಂಡಾದ ಜಾಗ ಗೊತ್ತಾದರೆ ಪುಸ್ತಕ ಅರ್ಧ ಸಿಕ್ಕಿದ ಹಾಗೆ.

ಪಿಯುಸಿಯಲ್ಲೇ ತುಂಡಾದವರಿಗೆ ಕನ್ನಡ ಪುಸ್ತಕ ಎಂದರೆ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’. ಪಠ್ಯದಲ್ಲಿ ಪಾಠವಾಗಿ ಬಂದ ಹೆಸರುಗಳನ್ನು ಅವರೆದುರು ಎತ್ತಲೇಬೇಡ. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ನಾಲ್ಕು ಭಾಗಗಳಲ್ಲಿವೆ. ಅದರಲ್ಲಿ ‘ಜಾಲಹಳ್ಳಿಯ ಕುರ್ಕ’ ಕೊಟ್ಟು ನೋಡು. ಇವತ್ತು ಟ್ರಾಫಿಕ್ಕಿನಲ್ಲಿ ನಿಲ್ಲುವ ಜಾಗದಲ್ಲಿ ಚಿರತೆ ಓಡಾಡುತ್ತಿತ್ತು ಎಂದರೆ ಬೆಂಗಳೂರಿನವರು ಬಿಡದೆ ಓದುತ್ತಾರೆ.

ಇಂಗ್ಲಿಷ್ ಮೀಡಿಯಮ್ಮು, ಎಂಜಿನಿಯರಿಂಗು, ಕೆಲಸ ಎಂದು ಕನ್ನಡ ಬಿಟ್ಟವರ ತೊಂದರೆ ಬೇರೆ. ಅವರಿಗೆ ಮಾತು ಬರುತ್ತದೆ, ಕಣ್ಣು ಓಡುವುದಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾರೆ. ಸಂಸ್ಕೃತದ ಸಮಾಸಗಳು ತುಂಬಿದ ಗದ್ಯ ಕೊಟ್ಟರೆ ಮೂರನೇ ಪುಟಕ್ಕೆ ಮೊಬೈಲು ಕೈಗೆ ಬರುತ್ತದೆ. ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ದಂಥ ಪ್ರಬಂಧಗಳು ಅವರಿಗೆ ಸರಿ. ವಾಕ್ಯಗಳು ಮಾತಾಡಿದ ಹಾಗೆ ಹೋಗುತ್ತವೆ, ಒಂದೊಂದು ಪ್ರಬಂಧ ಒಮ್ಮೆ ಕೂತರೆ ಮುಗಿಯುತ್ತದೆ. ಮುಂದಿನದಕ್ಕೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕಾಫಿ ಹೌಸು, ಒಂದೇ ಮನೆಯಲ್ಲಿ ದುಡ್ಡು ಬಂದ ಮೇಲೆ ಬದಲಾಗುವ ಜನ, ಇರುವೆ. ನಗರದವರಿಗೆ ಪರಿಚಯದ ಜಗತ್ತು. ‘ತೇಜೋ ತುಂಗಭದ್ರಾ’ ಆಮೇಲೆ. ಲಿಸ್ಬನ್ನಿನಿಂದ ವಿಜಯನಗರಕ್ಕೆ ಹರಿಯುವ ಆ ಕತೆಗೆ ಸ್ವಲ್ಪ ದಮ್ಮು ಬೇಕು.

ನಿನ್ನ ಅತ್ತಿಗೆಯದು ಮೂರನೆಯ ಜಾತಿ ಎಂದು ನನ್ನ ಊಹೆ. ‘ಸುಧಾ’, ‘ತರಂಗ’ದ ಧಾರಾವಾಹಿಗಳಿಗೆ ಕಾದು ಕೂತು, ಲೈಬ್ರರಿಯಿಂದ ತ್ರಿವೇಣಿಯವರನ್ನು ತಂದು ಓದಿ, ಮದುವೆಯಾಗಿ ಮಗುವಾದ ಮೇಲೆ ನಿಲ್ಲಿಸಿದವರು. ಇವರ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಹಳೆಯ ಪ್ರೀತಿಯ ಪುಸ್ತಕವನ್ನೇ ಮತ್ತೆ ಕೈಗಿಡುವುದು. ಹದಿನೆಂಟರಲ್ಲಿ ಕಣ್ಣೀರು ತಂದ ಪುಟ ನಲವತ್ತೈದರಲ್ಲಿ ತರದೇ ಹೋಗಬಹುದು. ಬದಲಾದದ್ದು ವಯಸ್ಸು, ಆದರೆ ಅವರಿಗೆ ಕಾಣುವುದು ‘ನನಗೆ ಓದುವ ರುಚಿಯೇ ಹೋಗಿದೆ’ ಎಂದು. ಹಳೆಯದರ ಪಕ್ಕದ ಮನೆಯ ಪುಸ್ತಕ ಕೊಡು. ತ್ರಿವೇಣಿಯವರನ್ನು ಓದಿದವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಹೊಂದುತ್ತದೆ. ಬಾಲವಿಧವೆಯೊಬ್ಬಳ ಇಡೀ ಬದುಕು ಅಲ್ಲಿ ಮನೆಯ ಹಿರಿಯರು ಜಗಲಿಯಲ್ಲಿ ಕೂತು ಹೇಳಿದ ಹಾಗೆ ಬರುತ್ತದೆ. ಧಾರಾವಾಹಿಯ ರುಚಿ ಇದ್ದವರಿಗೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ‘ಲಂಕೇಶ್ ಪತ್ರಿಕೆ’ಯಲ್ಲಿ ಕಂತುಕಂತಾಗಿ ಬಂದದ್ದರಿಂದ ಎಲ್ಲಿ ನಿಲ್ಲಿಸಿದರೂ ನಾಳೆಗೆ ಎಳೆ ಸಿಗುತ್ತದೆ. ಕೊನೆ ಮಾತ್ರ ಕರುಳು ಹಿಂಡುತ್ತದೆ. ಮನೆಯಲ್ಲಿ ಏನಾದರೂ ದುಃಖ ನಡೆದಿದ್ದರೆ ಈಗ ಬೇಡ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಚಾಳೀಸು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗಿರುತ್ತದೆ. ಎರಡು ಪುಟಕ್ಕೆ ತಲೆನೋವು ಬಂದು ‘ಬೇಜಾರಾಯಿತು’ ಎಂದು ಮುಚ್ಚಿಡುತ್ತಾರೆ. ಪುಸ್ತಕ ಹೇಳುವ ಮುಂಚೆ ಕನ್ನಡಕ ಕೇಳು. ನೀನೇ ಕೊಂಡುಕೊಡುವುದಾದರೆ ಅಂಗಡಿಯಲ್ಲಿ ನಡುವಿನ ಪುಟವೊಂದನ್ನು ಬಿಡಿಸಿ ತೋಳುದ್ದ ಹಿಡಿದು ನೋಡು. ಸಾಲುಗಳ ನಡುವೆ ಗಾಳಿ ಆಡುವಷ್ಟು ಜಾಗ ಇದೆಯೇ, ಹಿಂದಿನ ಪುಟದ ಮಸಿ ಈಚೆಗೆ ಕಾಣುತ್ತಿದೆಯೇ? ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿಸುಗಳಿಗೆ ತಾಗುವಂತಿದ್ದರೆ ಆ ಪ್ರತಿ ಬೇಡ. ಶೀರ್ಷಿಕೆ ಪುಟದ ಬೆನ್ನಿಗೆ ಪುಟಸಂಖ್ಯೆ, ಅಳತೆ, ಕಾಗದದ ಜಿಎಸ್‌ಎಂ (ತೂಕದ ಲೆಕ್ಕ), ಎಷ್ಟನೇ ಮುದ್ರಣ, ಎಷ್ಟು ಪ್ರತಿ ಎಂದೆಲ್ಲ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ಸಾವಿರ ಪ್ರತಿ ಹಾಕಿ ಬಿಟ್ಟ ಪುಸ್ತಕಗಳು ಎಷ್ಟೋ. ನೀನು ಹೊಗಳಿ ಹೊಗಳಿ ಹೇಳಿದ್ದು ನಾಲ್ಕು ಅಂಗಡಿ ಅಲೆದರೂ ಸಿಗದಿದ್ದರೆ ಅವರ ಆಸೆ ಅಂಗಡಿಯ ಮೆಟ್ಟಿಲಲ್ಲೇ ಇಳಿದುಹೋಗುತ್ತದೆ. ಹೇಳುವ ಮುಂಚೆ ಒಂದು ಫೋನು ಮಾಡಿ ವಿಚಾರಿಸು. ಊರಿನ ಸಾರ್ವಜನಿಕ ಗ್ರಂಥಾಲಯವನ್ನೂ ಮರೆಯಬೇಡ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ, ಹೋಗಿ ತರುವುದಕ್ಕೇನು ಧಾಡಿ? ಹೊರದೇಶದಲ್ಲಿರುವವರಿಗೆ ಇ-ಪುಸ್ತಕವೇ ಸುಲಭ, ಅಕ್ಷರ ಹಿಗ್ಗಿಸಿಕೊಳ್ಳಬಹುದು.

ಈಗ ಒಂದು ಪುಸ್ತಕವನ್ನು ಹತ್ತಿರದಿಂದ ನೋಡೋಣ. ‘ಕರ್ವಾಲೊ’ (1980) ಮತ್ತೆ ಓದಲು ಹೊರಟವರಿಗೆ ಯಾಕೆ ಅಷ್ಟು ಚೆನ್ನಾಗಿ ಹಿಡಿಸುತ್ತದೆ? ಅದು ಶುರುವಾಗುವುದು ಜೇನುತುಪ್ಪ ಕೊಳ್ಳುವ ವ್ಯವಹಾರದಿಂದ. ಜೀವವಿಕಾಸ, ಕಾಲ, ಅಸ್ತಿತ್ವ ಎಂಬ ದೊಡ್ಡ ಮಾತುಗಳೆಲ್ಲ ಅದರಲ್ಲಿವೆ, ಆದರೆ ಬಾಗಿಲಲ್ಲಿ ನಿಲ್ಲಿಸಿಲ್ಲ. ಬಾಗಿಲಲ್ಲಿ ಇರುವವನು ಮಂದಣ್ಣ. ಅವನಿಗೊಂದು ನೌಕರಿ ಬೇಕು, ಮದುವೆಯಾಗಬೇಕು. ಇಂಥವನ ಬೆನ್ನಿಗೆ ಒಬ್ಬ ದೊಡ್ಡ ವಿಜ್ಞಾನಿ ಯಾಕೆ ಬಿದ್ದಿದ್ದಾರೆ ಎಂಬ ಪ್ರಶ್ನೆಯೇ ಓದುಗನನ್ನು ಎಳೆದುಕೊಂಡು ಹೋಗುತ್ತದೆ. ಹಾರುವ ಓತಿ ಮುನ್ನೆಲೆಗೆ ಬರುವ ಹೊತ್ತಿಗೆ ನಾಯಿ ಕಿವಿಯ ಸಮೇತ ಎಲ್ಲರ ಪರಿಚಯವೂ ಆಗಿರುತ್ತದೆ. ಅಧ್ಯಾಯಗಳು ಚಿಕ್ಕವು, ಪಾತ್ರಗಳು ಬೆರಳೆಣಿಕೆಯವು, ನಾಲ್ಕು ಪುಟಕ್ಕೊಮ್ಮೆ ನಗು. ಯಾವ ಪುಸ್ತಕವನ್ನು ತೂಗುವಾಗಲೂ ಇದನ್ನೇ ನೋಡು: ಮೊದಲ 20 ಪುಟದಲ್ಲಿ ಎಷ್ಟು ಹೆಸರು ಬರುತ್ತವೆ, ಮೊದಲ ಮಾತುಕತೆ ಎಷ್ಟನೇ ಪುಟದಲ್ಲಿ, ಮೊದಲ ನಿಲುಗಡೆ ಎಲ್ಲಿ. ಹತ್ತು ಹೆಸರು ದಾಟಿದರೆ ಅದು ಎರಡನೆಯ ತಿಂಗಳ ಪುಸ್ತಕ.

ಇದು ಹಿಡಿಸಿತು ಎಂದ ಕೂಡಲೇ ತೇಜಸ್ವಿಯವರ ಎಲ್ಲ ಪುಸ್ತಕಗಳ ಕಟ್ಟು ತಂದು ಕೊಡಬೇಡ. ‘ಪರಿಸರದ ಕತೆ’ ಕೊಡು, ಬೇಕಾದರೆ ಏಲಕ್ಕಿ ಮಾರಲು ಹೋಗಿ ಸಿಕ್ಕಿಬೀಳುವ ದಂಪತಿಯ ‘ಜುಗಾರಿ ಕ್ರಾಸ್’ ಕೊಡು, ಅಲ್ಲಿಗೆ ನಿಲ್ಲಿಸಿ ಬೇರೆ ಕೈಗೆ ಹೋಗು. ಒಬ್ಬರದೇ ಅಡುಗೆ ಐದನೇ ದಿನಕ್ಕೆ ಸಪ್ಪೆ.

ಇನ್ನು ನಿನ್ನ ಪಟ್ಟಿಯಲ್ಲಿರುವ ದೇವನೂರ ಮಹಾದೇವರ ‘ಕುಸುಮಬಾಲೆ’ಯ ವಿಷಯ. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ನಡೆಯುವ ಕೃತಿ ಅದು. ಆ ಕಡೆಯವರಿಗೆ ಮನೆಯ ಮಾತು, ಧಾರವಾಡದವರಿಗೆ ಮೊದಲ ಪುಟದಿಂದಲೇ ಏರು. ದೇವನೂರರನ್ನು ಓದಿಸಲೇಬೇಕೆಂದರೆ ‘ಒಡಲಾಳ’ದಿಂದ ಶುರುಮಾಡಿಸು. ಸಾಕವ್ವನ ಕಳೆದುಹೋದ ಹುಂಜದ ಹುಡುಕಾಟ, ರಾತ್ರಿ ಕದ್ದ ಕಡಲೆಕಾಯಿಯನ್ನು ಮನೆಯವರೆಲ್ಲ ಸುತ್ತ ಕೂತು ಸುಲಿದು ತಿನ್ನುವ ಆ ಭಾಗ, ಅಲ್ಲಿಗೆ ಬಂದವರು ಪುಸ್ತಕ ಕೆಳಗಿಡುವುದಿಲ್ಲ. ಆಡುನುಡಿಯ ಪುಸ್ತಕ ಯಾವುದೇ ಇರಲಿ, ವೈದೇಹಿಯವರ ಕುಂದಾಪುರದ ಮಾತೇ ಇರಲಿ, ಮೊದಲ ಎರಡು ಪುಟ ಗಟ್ಟಿಯಾಗಿ ಓದಲು ಹೇಳು. ಕಣ್ಣಿಗೆ ತೊಡಕಾದದ್ದು ಕಿವಿಗೆ ಆಗುವುದಿಲ್ಲ.

ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ‘ಆ ಬಾನು ಮುಷ್ತಾಕ್ ಪುಸ್ತಕ ಕೊಡಿ’ ಎನ್ನುವವರೂ ಇದ್ದಾರೆ. 2025ರಲ್ಲಿ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಎಂಬ ಆ ಇಂಗ್ಲಿಷ್ ಪುಸ್ತಕದ 12 ಕತೆಗಳನ್ನು ದೀಪಾ ಭಾಸ್ತಿ ಬೇರೆ ಬೇರೆ ಕನ್ನಡ ಸಂಕಲನಗಳಿಂದ ಆಯ್ದು ಅನುವಾದಿಸಿದ್ದು. ಹಾಗಾಗಿ ಹಳೆಯ ಸಂಕಲನ ಕೊಳ್ಳುವವರು ಒಳಗಿನ ಪರಿವಿಡಿ ನೋಡಿಕೊಳ್ಳಲಿ. ಒಂದು ರಾತ್ರಿಗೆ ಒಂದು ಕತೆ ಸಾಕು ಎಂದೂ ಹೇಳು. ಸಾಲಾಗಿ ಓದಿದರೆ ಎದೆ ಭಾರವಾಗುತ್ತದೆ.

ನಿನ್ನ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಬರೆದ ಟಿಪ್ಪಣಿಗಳನ್ನು ಹೊಡೆದುಹಾಕಿದ್ದೇನೆ. ‘ಕನ್ನಡ ಸಾಹಿತ್ಯದ ಮೇರುಕೃತಿ, ಪ್ರತಿಯೊಬ್ಬರೂ ಓದಲೇಬೇಕಾದದ್ದು’ ಎಂಬ ಸಾಲು ಹನ್ನೊಂದು ಕಡೆ ಇದೆ. ‘ಓದಲೇಬೇಕು’ ಎಂದದ್ದನ್ನು ಯಾರೂ ಸಂತೋಷಕ್ಕೆ ಓದುವುದಿಲ್ಲ ಮಾರಾಯ್ತಿ. ‘ಫಣಿಯಮ್ಮ’ಕ್ಕೆ ಹೀಗೆ ಬರೆದು ನೋಡು: ‘ನಿಮ್ಮ ಅಜ್ಜಿಯ ಕಾಲದ ಮನೆ. ತೆಳ್ಳಗಿನ ಪುಸ್ತಕ, ದಿನಕ್ಕೆ ಹತ್ತು ಪುಟ ಓದಿದರೂ ತಿಂಗಳೊಳಗೆ ಮುಗಿಯುತ್ತದೆ. ಮುನ್ನುಡಿ ಬಿಟ್ಟು ಕತೆಯಿಂದಲೇ ಶುರುಮಾಡಿ.’ ಇಷ್ಟೇ. ಮುನ್ನುಡಿಯ ಮಾತನ್ನು ಮರೆಯದೆ ಸೇರಿಸು. ನಮ್ಮ ಪುಸ್ತಕಗಳ ಮುನ್ನುಡಿಕಾರರಿಗೆ ಕತೆಯ ಕೊನೆಯನ್ನು ಮೊದಲೇ ಹೇಳಿಬಿಡುವ ಚಟ. ವಿಮರ್ಶೆಯ ಪರಿಭಾಷೆ ಬೇರೆ. ಅದನ್ನೇ ಪುಸ್ತಕವೆಂದು ತಿಳಿದು ಆರನೇ ಪುಟದಲ್ಲಿ ಸೋತವರು ಬಹಳ ಜನ.

ಮೂರು ಹೆಸರು ಕೊಡು. ಒಂದು ತೆಳ್ಳಗಿನ ಕಾದಂಬರಿ, ಒಂದು ಬಿಡಿಬಿಡಿಯಾಗಿ ಓದಬಹುದಾದ ಪ್ರಬಂಧ ಅಥವಾ ಕತೆಗಳ ಪುಸ್ತಕ, ಮತ್ತೊಂದು ಅವರ ಕಸುಬಿಗೋ ಹುಚ್ಚಿಗೋ ತಾಗುವಂಥದ್ದು. ಆದರೆ ಕೈಗೆ ಕೊಡುವುದು ಒಂದೊಂದೇ. ಮೂರೂ ಒಟ್ಟಿಗೆ ಮೇಜಿನ ಮೇಲೆ ಕೂತರೆ ಸಾಲಗಾರರ ಹಾಗೆ ದಿಟ್ಟಿಸುತ್ತವೆ. 30 ಪುಟಕ್ಕೂ ಹಿಡಿಸದಿದ್ದರೆ ನಿನಗೇ ವಾಪಸು ಕೊಡಲಿ, ಸಂಕೋಚ ಬೇಡ ಎಂದು ಮೊದಲೇ ಹೇಳಿಬಿಡು. ವಾಪಸು ಬಂದ ಪುಸ್ತಕದಲ್ಲಿ ಗುರುತಿನ ಚೀಟಿ ಎಲ್ಲಿ ನಿಂತಿದೆ ನೋಡಿ ಬರೆದಿಟ್ಟುಕೋ: ಯಾರು, ಯಾವ ಪುಸ್ತಕ, ಎಷ್ಟನೇ ಪುಟ. ಕತೆ ಬರೆಯುವವಳು ನೀನು. ಜನ ಎಲ್ಲಿ ಪುಸ್ತಕ ಮುಚ್ಚುತ್ತಾರೆ ಎಂಬ ಲೆಕ್ಕ ಯಾವ ಕಮ್ಮಟದಲ್ಲೂ ಹೇಳಿಕೊಡುವುದಿಲ್ಲ. ಪಟ್ಟಿಯ ಕೊನೆಯಲ್ಲಿರುವ ನಿನ್ನ ಸ್ವಂತ ಸಂಕಲನವನ್ನೂ ಇಬ್ಬರು ಗೆಳೆಯರ ಕವಿತೆಗಳನ್ನೂ ಈಗಲೇ ತೆಗೆದುಬಿಡು.

ಕೊಟ್ಟ ಮೇಲೆ ವಾರಕ್ಕೊಮ್ಮೆ ‘ಓದಿದ್ರಾ?’ ಎಂದು ಫೋನು ಮಾಡಬೇಡ. ಅದು ಹೋಮ್‌ವರ್ಕ್ ಕೇಳಿದ ಹಾಗಾಗುತ್ತದೆ, ಅವರು ನಿನ್ನ ಫೋನು ಎತ್ತುವುದನ್ನೇ ಬಿಡುತ್ತಾರೆ. ಎದುರು ಸಿಕ್ಕಾಗ ‘ಮಂದಣ್ಣ ಸಿಕ್ಕನಾ?’ ಎಂದು ಕೇಳು. ಸಿಕ್ಕಿದ್ದರೆ ಅರ್ಧ ಗಂಟೆ ಅವರೇ ಮಾತಾಡುತ್ತಾರೆ. ಸಿಗದಿದ್ದರೆ ‘ಸಿಗುತ್ತಾನೆ ಬಿಡಿ’ ಎಂದು ಕಾಫಿ ಕುಡಿ.

ಪಟ್ಟಿ ತಿದ್ದಿ ಮತ್ತೆ ಕಳಿಸು, ಮೂರೇ ಹೆಸರು, ಯಾರಿಗೆಂದು ಮೇಲೆ ಬರೆದಿರಲಿ. ಅತ್ತಿಗೆ ಕೊನೆಗೆ ಓದಿದ್ದು ಯಾವುದು ಎಂದು ಕೇಳಿ ತಿಳಿಸು, ಚಾಳೀಸು ಬಂದಿದೆಯೋ ಎಂಬುದನ್ನೂ.

ಇಂತು,
ನಿನ್ನ ಅಣ್ಣ