ಕೌಲ್ ಬಜಾರಿನ ಆಟೋ ಅಣ್ಣನಿಗೆ

ನಿಮ್ಮ ಹೆಸರು ಕೇಳೋದೇ ಮರೆತೆ ಅಣ್ಣಾ. ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ಶನಿವಾರ ಬಳ್ಳಾರಿಯ ನಮ್ಮ ಚರ್ಚಿನಲ್ಲಿ ಹೆಂಗಸರಿಗೆಲ್ಲ ಕ್ರಿಸ್‌ಮಸ್ ಚಹಾಕೂಟ ಇಟ್ಟಿದ್ದೆವು. ಯೇಸು ಹುಟ್ಟಿದ ಕಥೆಯ ಹೆಂಗಸರೇ ಈ ಸಲದ ವಿಷಯ. ಒಂದು ಮೇಜು ಮರಿಯಳಿಗೆ, ಒಂದು ಮುಪ್ಪಿನಲ್ಲಿ ಬಸುರಾದ ಎಲಿಸಬೇತಳಿಗೆ, ಇನ್ನೊಂದು ದೇವಾಲಯ ಬಿಟ್ಟು ಕದಲದ ವಿಧವೆ ಅನ್ನಳಿಗೆ. ಅನ್ನಳ ಮೇಜಿಗೆ ನಮ್ಮ ಅಜ್ಜಿಯಂದಿರು ಜಗಳ ಆಡಿಕೊಂಡೇ ಕೂತರು! ಕರ್ಜಿಕಾಯಿ, ಕಲ್ಕಲ್, ರೋಸ್ ಕುಕ್ಕಿ ಎಲ್ಲ ತಯಾರು. ಬಿಸಿ ಬಿಸಿ ಮಿರ್ಚಿನೂ ಇತ್ತು. ಬಳ್ಳಾರಿಯಲ್ಲಿ ಅದಿಲ್ಲದೆ ಚಹಾ ಇಳಿಯುತ್ತಾ?

ಜನ ಬರೋಕೆ ಅರ್ಧ ಗಂಟೆ ಇದ್ದಾಗ ಎಂಟು ಲೀಟರ್ ಹಾಲು ಒಡೆದುಹೋಯಿತು. ತಪ್ಪು ನನ್ನದೇ. ಜಜ್ಜಿದ ಹಸಿ ಶುಂಠಿಯನ್ನು ತಣ್ಣನೆ ಹಾಲಿಗೇ ಸುರಿದಿದ್ದೆ. ಗೇಟಿನ ಹತ್ತಿರ ಅಳುಮುಖ ಮಾಡಿ ನಿಂತಿದ್ದವಳನ್ನು ನೀವೇ ಮಾತಾಡಿಸಿದಿರಿ. ಮೂರು ಅಂಗಡಿ ಸುತ್ತಿಸಿ ಹಾಲು ಕೊಡಿಸಿದಿರಿ, ಕ್ಯಾನ್ ಅಡುಗೆಮನೆವರೆಗೂ ಹೊತ್ತಿರಿ.

"ಶುಂಠಿ ಡಿಕಾಕ್ಷನ್‌ನಾಗ ಕುದಿಸ್ರಿ ಅಕ್ಕಾ, ಹಾಲು ಆಮ್ಯಾಲೆ," ಅಂದಿರಿ. ನಿಮ್ಮ ಮನೆಯವರು ಚಹಾ ಬಂಡಿ ಇಟ್ಟಿದ್ದರಂತೆ. ಬಾಡಿಗೆ ಕೇಳಿದರೆ ಸುಮ್ನೆ ಕೈ ಆಡಿಸಿ ಹೊರಟೇಬಿಟ್ಟಿರಿ.

ಚಹಾ ಬಹಳ ಚೆನ್ನಾಗಿತ್ತು ಅಂತ ಎಲ್ಲರೂ ನನ್ನನ್ನೇ ಹೊಗಳಿದರು. ಸ್ವಲ್ಪ ಹೊತ್ತು ಸುಮ್ಮನೇ ಇದ್ದೆ, ಆಮೇಲೆ ನಿಜ ಹೇಳಿದೆ.

ಒಂದು ಡಬ್ಬಿ ಕರ್ಜಿಕಾಯಿ ತೆಗೆದಿಟ್ಟಿದ್ದೇನೆ. ಈ ಕಡೆ ಬಾಡಿಗೆ ಸಿಕ್ಕರೆ ಗೇಟಿನ ಹತ್ತಿರ ಒಂದು ಹಾರ್ನ್ ಹೊಡೆಯಿರಿ.